ಹಗಿ ಬಯಲಿನ ಆರನೆಯ ಕುಣಿ

ಯಮನೂರಿನ ದರ್ಗಾ ದಾಟಿ ಸ್ವಲ್ಪ ದೂರ ಹೋದರೆ ಕರಿ ಎರೆ ಹೊಲಗಳ ನಡುವೆ ಒಂದು ಊರು. ಅಲ್ಲಿ ಫಕೀರವ್ವ ಇದ್ದಾಳೆ. ವಯಸ್ಸು ಅರವತ್ತಕ್ಕೆ ಎರಡು ಕಮ್ಮಿ. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಅವಳು ಮಾಡಿದ್ದು ಒಂದೇ ಕೆಲಸ, ಪಾಯಾ ತೋಡುವುದು. ಗೋಡೆ ಎಬ್ಬಿಸಿದ ಗೌಂಡಿಯ ಹೆಸರನ್ನು ಮನೆಯವರು ಹೇಳುತ್ತಾರೆ, ಬಣ್ಣ ಬಳಿದವನ ಹೆಸರನ್ನೂ ಹೇಳುತ್ತಾರೆ. ಕೆಳಗೆ ಕುಣಿ ತೋಡಿದವಳ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಆದರೆ ಅರ್ಧ ಊರು ನಿಂತಿರುವುದು ಅವಳು ತೋಡಿದ ಕುಣಿಗಳ ಮೇಲೆ.

ಈಗ ಅವಳು ಹಾರೆ ಹಿಡಿದು ಬಂದರೆ ಜನ ತಾವಾಗಿಯೇ ಚಾಪೆ ಎತ್ತಿ ನೆಲ ತೋರಿಸುತ್ತಾರೆ. ಒಂದು ವರ್ಷದ ಹಿಂದೆ ಹಾಗಿರಲಿಲ್ಲ. ಆಗ ಅವಳನ್ನು ಕಂಡರೆ ನಗುತ್ತಿದ್ದರು.

ನಗುವುದಕ್ಕೆ ಕಾರಣ ಅವಳದೊಂದು ಚಾಳಿ. ಕುಣಿಗೆ ಇಳಿಯುವ ಮೊದಲು ಹಾರೆಯಿಂದ ತಳಕ್ಕೆ ಮೂರು ಸಲ ಕುಟ್ಟುವಳು. ತಲೆ ವಾಲಿಸಿ ಕೇಳುವಳು. ಆಮೇಲೆ ಒಂದು ಕಾಲು ಇಡುವಳು, ಎರಡನೆಯ ಕಾಲಿಗೆ ಇನ್ನಷ್ಟು ಹೊತ್ತು. ಒಂದು ಗೇಣು ತೋಡಿದರೆ ಮತ್ತೆ ಮೂರು ಸಲ. ಗೌಂಡಿ ಖಾಜಾಸಾಬ ಇಪ್ಪತ್ತು ವರ್ಷ ಅವಳ ಜೊತೆ ದುಡಿದವನು. "ಭೂಮಿತಾಯಿ ಏನಂದ್ಳ ಬೇ ಅಕ್ಕಾ? ಚಾ ಆತಂತೇನು?" ಎಂದು ದಿನಾ ಕಾಡುತ್ತಿದ್ದ. ಯಾಕೆ ಕುಟ್ಟುತ್ತೀ ಎಂದು ಕೇಳಿದರೆ ಅವಳು ಸೆರಗು ಬಿಗಿದು ಕೆಲಸಕ್ಕೆ ಬಾಗುತ್ತಿದ್ದಳು.

ಹೋದ ವರ್ಷ ಊರಿಗೆ ಅಂಗನವಾಡಿ ಕೋಣೆ ಮಂಜೂರಾಯಿತು. ಸ್ವಂತ ಕೋಣೆ ಇಲ್ಲದ ಇಪ್ಪತ್ತೆರಡು ಮಕ್ಕಳು ಸಂಗನಬಸವ ಗೌಡರ ಹಳೆಯ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದವು. ಫಕೀರವ್ವನ ಮೊಮ್ಮಗಳು ನಂದಾ ಅವರಲ್ಲಿ ಒಬ್ಬಳು. ಕಟ್ಟಲು ಸಿಕ್ಕ ಜಾಗ ಆ ಮನೆಯ ಬೆನ್ನಿಗೇ ಇದ್ದ ಹಗಿ ಬಯಲು. ಹಗಿ ಎಂದರೆ ಹಗೆ, ವೈರ. ಆ ಜಾಗಕ್ಕಾಗಿ ಹಿಂದೆ ಅಣ್ಣ ತಮ್ಮ ಬಡಿದಾಡಿ ಇಬ್ಬರೂ ಕೈಬಿಟ್ಟರಂತೆ, ಅಲ್ಲಿ ಕಟ್ಟಿದ್ದು ನಿಲ್ಲುವುದಿಲ್ಲವಂತೆ. ಊರು ಹೇಳುವ ಕಥೆ ಇಷ್ಟು. ಗೌಡರು ಓದಿದವರು, ಇಂಥದ್ದನ್ನೆಲ್ಲ ನಂಬುವವರಲ್ಲ. ಮುಂದೆ ನಿಂತು ಜಾಗ ಅಳೆಸಿದವರೇ ಅವರು.

ಎಂಜಿನಿಯರ್ ಸುನಿತಾ ಬಂದು ಮಣ್ಣು ನೋಡಿದರು. ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಕಂಡರೂ ಮಳೆ ಬಿದ್ದರೆ ಉಬ್ಬಿ ಗೋಡೆಯನ್ನೇ ಎತ್ತುತ್ತದೆ, ಒಣಗಿದಾಗ ಕೈಬಿಡುತ್ತದೆ. ಅದನ್ನು ನಂಬದೆ ಕೆಳಗಿನ ಗಟ್ಟಿ ಗರಸಿನವರೆಗೆ, ಕಲ್ಲು ಬೆರೆತ ಮಣ್ಣಿನ ಪದರದವರೆಗೆ, ಹೋಗಬೇಕು ಎಂದರು. ತೆಂಕಣ ಮೂಲೆಯಲ್ಲಿ ಆರು ಅಡಿಗೆ ಗರಸು ಸಿಕ್ಕಿತು. ಅದರ ಮೇಲೆ ಕಬ್ಬಿಣದ ತಟ್ಟೆಯಿಟ್ಟು, ಭಾರ ಹೇರಿ, ನೆಲ ಎಷ್ಟು ಹೊರುತ್ತದೆಂದು ಅಳೆದರು. ಕೋಣೆಗೆ ಬೇಕಾದದ್ದಕ್ಕಿಂತ ಹೆಚ್ಚೇ ಹೊರುತ್ತಿತ್ತು. ಆರು ಕಂಬ, ಕಂಬಕ್ಕೊಂದು ಕುಣಿ, ಪ್ರತಿ ಕುಣಿಯ ತಳದಲ್ಲಿ ಅಗಲವಾದ ಕಾಂಕ್ರೀಟಿನ ಹಾಸು ಎಂದು ಸುಣ್ಣದಲ್ಲಿ ಗೆರೆ ಎಳೆಸಿದರು.

ಇಷ್ಟು ಸಣ್ಣ ಕಂಬಕ್ಕೆ ಅಷ್ಟು ಅಗಲದ ಹಾಸು ಯಾಕೆಂದು ಫಕೀರವ್ವ ಕೇಳಿದಳು.

"ಕೊಡ ಹೊರುವಾಗ ತಲಿ ಮ್ಯಾಲೆ ಸಿಂಬಿ ಇಟ್ಕೋತೀರಲ್ರಿ ಅಕ್ಕಾರ," ಎಂದರು ಸುನಿತಾ. "ಇದು ಕಂಬದ ಸಿಂಬಿ. ಭಾರ ಅಷ್ಟ ಇರತೈತಿ. ಅಗಲಕ್ಕ ಹಂಚಿದ್ರ ನೆಲಾ ತಡೀತೈತಿ."

ಆ ಮಾತು ಅವಳಿಗೆ ಹಿಡಿಸಿತು.

ಐದು ಕುಣಿ ಸಲೀಸಾಗಿ ಮುಗಿದವು. ಆರನೆಯದು ಬಡಗಣ ಮೂಲೆ, ಗೌಡರ ಹಿತ್ತಲ ಗೋಡೆಗೆ ಹತ್ತಿರ. ಬೆಳಗಿನ ಹತ್ತು ಗಂಟೆ. ಎದೆಮಟ್ಟ ಇಳಿದಿದ್ದಳು. ಎಂದಿನಂತೆ ಮೂರು ಸಲ ಕುಟ್ಟಿದಳು. ಮೊದಲಿನ ಐದು ಕುಣಿಗಳು ಧಡ್ ಎಂದಿದ್ದವು. ಇದು ಗುಂ ಎಂದಿತು, ಬರಿದಾದ ಗಡಿಗೆಯ ಹೊಟ್ಟೆಗೆ ಬಡಿದಂತೆ.

ಕಿವಿ ತಪ್ಪಿರಬೇಕು ಎಂದುಕೊಂಡು ಇನ್ನೊಮ್ಮೆ ಕುಟ್ಟಿದಳು. ಹಾರೆ ಮಣ್ಣಿನಲ್ಲಿ ನಿಲ್ಲಲಿಲ್ಲ. ಕೈಯಿಂದ ಸರ್ರನೆ ಜಾರಿ ಪೂರಾ ಒಳಗೆ ಹೋಯಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಕೆಳಗೆ ಠಣ್ ಎಂದಿತು.

ಬೊಗಸೆಯಷ್ಟು ಅಗಲದ ತೂತು. ಅದರ ಅಂಚಿನಿಂದ ಮಣ್ಣಿನ ಕಾಳು ಒಂದೊಂದೇ ಒಳಗೆ ಉರುಳುತ್ತಿದ್ದವು, ಬಿದ್ದ ಸದ್ದು ಕೇಳಿಸುತ್ತಿರಲಿಲ್ಲ. ತೂತಿನಿಂದ ಮುಗ್ಗಿದ ಜೋಳದ ವಾಸನೆ ಬಂತು. ಐವತ್ತೊಂದು ವರ್ಷದ ಹಿಂದೆ ಒಮ್ಮೆ ಮೂಗಿಗೆ ಬಡಿದಿದ್ದ ವಾಸನೆ. ಅಲುಗಿದರೆ ನೆಲ ಬಿಡುತ್ತದೆ ಎಂದು ಫಕೀರವ್ವ ಇದ್ದಲ್ಲೇ ಕಾಲೂರಿ ನಿಂತಳು.

ಖಾಜಾಸಾಬ ಕೈ ಚಾಚಿ ಅಂಚಿಗೆ ಬಂದ.

"ಬರಬ್ಯಾಡ," ಎಂದಳು, ತುಟಿಯಷ್ಟೇ ಅಲ್ಲಾಡಿಸಿ. "ತಳಾ ಟೊಳ್ಳೈತಿ. ಹಲಗಿ ಬಿಡು."

ಅವನು ಉದ್ದನೆಯ ಹಲಗೆಯೊಂದನ್ನು ಮೆಲ್ಲಗೆ ಇಳಿಬಿಟ್ಟ. ಇನ್ನೊಂದನ್ನು ಅಂಚಿಗೆ ಓರೆಯಾಗಿ ಒರಗಿಸಿದ. ಕಂಬದ ಸಿಂಬಿಯ ಮಾತು ಅವಳ ತಲೆಯಲ್ಲಿತ್ತು. ಕಾಲಿನ ಮೇಲೆ ನಿಲ್ಲುವ ಭಾರವನ್ನು ಹೊಟ್ಟೆ, ಎದೆ, ತೊಡೆಗಳಿಗೆ ಹಂಚಿ ಹಲಗೆಯ ಮೇಲೆ ಬೋರಲು ಮಲಗಿದಳು. ಹಲ್ಲಿಯಂತೆ ತೆವಳಿ ಮೇಲೆ ಬಂದಳು. ಅವಳು ಬಿಟ್ಟ ಜಾಗದಿಂದ ಒಂದು ಬುಟ್ಟಿಯಷ್ಟು ಮಣ್ಣು ತಾನಾಗಿ ಒಳಗೆ ಕುಸಿಯಿತು. ಆ ದಿನ ಖಾಜಾಸಾಬ ಚಹದ ಮಾತು ಎತ್ತಲಿಲ್ಲ.

ಎಂಜಿನಿಯರಿಗೆ ಫೋನು ಹೋಯಿತು. ಪಕ್ಕದ ಊರಿನಲ್ಲೇ ಇದ್ದ ಸುನಿತಾ ಬೇಗ ಬಂದರು. ಗೌಡರೂ ಬಂದು, ದೂರದಿಂದಲೇ ಇಣುಕಿ, ಇಲಿಯ ಬಿಲ ಕಂಡು ಊರ ಕೆಲಸ ನಿಲ್ಲಿಸಿದಿರಾ ಎಂದು ಖಾಜಾಸಾಬನನ್ನು ಗದರಿದರು. ಆಮೇಲೆ ಇವಳ ಕಡೆ ತಿರುಗಿ, "ಏನಬೇ ಫಕೀರವ್ವಾ, ಹಗಿ ನಿನ್ನ ಮೆಟ್ಟಿಕೊಂಡ್ತೇನು?" ಎಂದರು.

ಫಕೀರವ್ವ ನೀರು ಕುಡಿದು ಚೆಂಬು ಕೆಳಗಿಟ್ಟಳು.

"ಹಗಿ ಅಂದ್ರ ವೈರ ಅಲ್ರಿ ಗೌಡ್ರ. ಹಗೇವು. ನಿಮ್ಮ ಮುತ್ಯಾ ಜ್ವಾಳಾ ತುಂಬಿಸಿಡತಿದ್ದ ಹಗೇವು."

ಅಣ್ಣಿಗೇರಿ ಕಡೆಯ ಅವಳ ತವರಿನಲ್ಲಿ ಹಗೇವು ಎಂದೇ ಅನ್ನುತ್ತಿದ್ದರು. ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಮನೆಯವರು ತುಂಬಿಸುವರು, ಅವಳ ಅಪ್ಪ ಕನಕಪ್ಪನಂಥವರು ಹಗ್ಗ ಹಿಡಿದು ಇಳಿದು ಜೋಳ ಮೇಲೆ ಕಳಿಸುವರು. ಒಳಗಿನ ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಮೊದಲು ಕಂದೀಲು ಬಿಡಬೇಕು; ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಕೆಳಗಿನಿಂದ ಮೂರು ಸಲ ಕುಟ್ಟಿದರೆ ಹಗ್ಗ ಎಳೆಯಬೇಕು. ಒಂದು ದಿನ ಮನೆಯ ಯಜಮಾನರಿಗೆ ಅವಸರವಿತ್ತು, ಕಂದೀಲು ಬಿಡದೆಯೇ ಅಪ್ಪನನ್ನು ಇಳಿಸಿದರು. ಆರು ವರ್ಷದ ಫಕೀರವ್ವ ಅಂಚಿನಲ್ಲಿ ಕೂತು ಎಣಿಸುತ್ತಿದ್ದಳು. ಎರಡು ಸಲ ಕೇಳಿಸಿತು. ಮೂರನೆಯದು ಬರಲೇ ಇಲ್ಲ.

ಇಷ್ಟನ್ನೂ ಅವಳು ನೆಲ ನೋಡುತ್ತಲೇ ಹೇಳಿದಳು. ಆಮೇಲೆ ಕಂದೀಲು ತರಿಸಿದಳು. ಉದ್ದನೆಯ ಗಳುವಿನ ತುದಿಗೆ ಹಗ್ಗದಿಂದ ಕಟ್ಟಿ ತೂತಿನೊಳಗೆ ಇಳಿಬಿಟ್ಟರು. ಒಂದು ಆಳುದ್ದ ಇಳಿಯುವಷ್ಟರಲ್ಲಿ ಉರಿ ಸಣ್ಣದಾಯಿತು. ಇನ್ನೊಂದು ಮೊಳಕ್ಕೆ ಆರಿತು.

ಗೌಡರು ಹೆಗಲ ಮೇಲಿನ ಟಾವೆಲಿನಿಂದ ಬಾಯಿ ಒರೆಸಿಕೊಂಡರು. ಸುನಿತಾ ತಮ್ಮ ಕಾಗದ ಮಡಚಿ, ತಾನು ಭಾರ ಹೇರಿ ಕೇಳಿದ್ದು ಆ ಒಂದು ಮೂಲೆಯನ್ನು, ಈ ಮೂಲೆಯನ್ನು ಕೇಳಲೇ ಇಲ್ಲ ಎಂದರು. ಬಯಲನ್ನೆಲ್ಲ ಮತ್ತೆ ಪರೀಕ್ಷಿಸುವವರೆಗೆ ಕೆಲಸ ಬಂದ್ ಎಂದರು.

"ದೊಡ್ಡ ಮನಿಗೆ ಒಂದ ಹಗೇವು ಇರೂದಿಲ್ರಿ," ಎಂದಳು ಫಕೀರವ್ವ. "ಸಾಲಾಗಿ ತೋಡಿಸತಿದ್ರು. ಮಳಿ ಹನಿ ಬೀಳಬಾರ್ದಂತ ಒಂದೆರಡು ಮನಿ ಒಳಗೂ…"

ಮಾತು ಅಲ್ಲಿಗೇ ನಿಂತಿತು. ಹಿತ್ತಲ ಗೋಡೆಯ ಆಚೆಯಿಂದ ಸದ್ದು ಬರುತ್ತಿತ್ತು. ಇಪ್ಪತ್ತೆರಡು ಮಕ್ಕಳು ಚಪ್ಪಾಳೆ ತಟ್ಟುತ್ತ ಒಟ್ಟಿಗೆ ಕುಣಿಯುತ್ತಿದ್ದವು.

ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರೂ ಓಡಿದರು. ಪಡಸಾಲೆಯ ಹೊಸ್ತಿಲಲ್ಲಿ ಫಕೀರವ್ವ ಬಾಯಿಯ ಮೇಲೆ ಬೆರಳಿಟ್ಟು ಕುಣಿತ ನಿಲ್ಲಿಸಿದಳು. ಖಾಜಾಸಾಬನ ಹಾರೆ ತೆಗೆದುಕೊಂಡು ಕುಟ್ಟಿದಳು. ಹೊಸ್ತಿಲ ಬಳಿ ಧಡ್. ಗೋಡೆಯ ಗುಂಟ ಧಡ್. ಕೈ ಚಾಚಿ, ನಡುವಿನ ಕಂಬದ ಕಡೆ ಹಾರೆಯ ತುದಿಯನ್ನು ಮುಟ್ಟಿಸಿದಂತೆ ಕುಟ್ಟಿದಳು.

ಗುಂ.

ಫರಶಿ ಕಲ್ಲಿನ ಸಂದಿಯಿಂದ ಸಣ್ಣಗೆ ಧೂಳು ಎದ್ದಿತು. ಅಲ್ಲೇ, ಕಂಬಕ್ಕೆ ಒರಗಿ ನಂದಾ ನಿಂತಿದ್ದಳು.

ಫಕೀರವ್ವನಿಗೆ ಚೀರಬೇಕೆನಿಸಿತು. ಚೀರಿದರೆ ಮಕ್ಕಳು ಓಡುತ್ತವೆ, ಎಲ್ಲವೂ ಒಂದೇ ಕಡೆ ನುಗ್ಗುತ್ತವೆ.

"ಮಕ್ಕಳ್ರಾ, ಈಗ ಹಲ್ಲಿ ಆಟ," ಎಂದಳು. "ಎಲ್ಲಾರೂ ಹೊಟ್ಟಿ ಮ್ಯಾಲೆ ಮಲಗ್ರಿ. ಗ್ವಾಡಿ ಬಾಜೂಲೆ ಒಬ್ಬೊಬ್ಬರ ತೆವಳ್ರಿ. ಎದ್ದವರು ಔಟು."

ಮಕ್ಕಳು ನಗುತ್ತ ಮಲಗಿದವು. ಗೌಡರು ಹೊಸ್ತಿಲಲ್ಲಿ ಮೊಣಕಾಲೂರಿ ಒಂದೊಂದನ್ನೇ ಕಂಕುಳಿಗೆ ಕೈಹಾಕಿ ಹೊರಗೆ ಕೊಟ್ಟರು. ಬಿಳಿ ಧೋತರಕ್ಕೆ ಅಂಗಳ ಸಾರಿಸಿದ ಸೆಗಣಿ ಹತ್ತಿದ್ದು ಅವರಿಗೆ ಗೊತ್ತಾಗಲಿಲ್ಲ. ಸುನಿತಾ ಎಣಿಸುತ್ತಿದ್ದರು. ಹತ್ತು. ಹದಿನೇಳು. ಇಪ್ಪತ್ತೊಂದು.

ನಂದಾ ಕಂಬದ ಬುಡದಲ್ಲೇ ಬೋರಲಾಗಿ ಮಲಗಿದ್ದಳು. ಅವಳ ಕೆಳಗಿನ ಫರಶಿ ಒಂದು ಬದಿಗೆ ತುಸು ವಾಲಿತ್ತು. ಫಕೀರವ್ವ ತಾನೂ ಮಲಗಿ ತೆವಳಿ ಹೋಗಿ ಸೆರಗಿನ ತುದಿಯನ್ನು ಅವಳತ್ತ ಎಸೆದಳು.

"ಗಟ್ಟಿ ಹಿಡಕೋ. ಆಮ್ಯಾಲೆ ನನಗ ಹೇಳು."

ಹುಡುಗಿ ಸೆರಗನ್ನು ಮುಷ್ಟಿಗೆ ಸುತ್ತಿಕೊಂಡಳು. ಹೇಳಲು ಬಾಯಿ ತೆರೆಯಲಿಲ್ಲ. ಅಜ್ಜಿ ದಿನಾ ಮಾಡುವುದನ್ನು ಕಂಡಿದ್ದಳಲ್ಲ, ಅಂಗೈಯಿಂದ ಮೆಲ್ಲಗೆ ನೆಲಕ್ಕೆ ಬಡಿದಳು. ಒಂದು. ಎರಡು.

ಫಕೀರವ್ವ ಉಸಿರು ಬಿಗಿಹಿಡಿದಳು.

ಮೂರು.

ಎಳೆದಳು.