ನಿಮಿಷಕ್ಕೆ ಹತ್ತು ಹನಿ

ಆಗಸ್ಟ್ 9, ಮಧ್ಯಾಹ್ನ 2.20.

ಯರಗೇರಾದ ನನ್ನ ಬಾಡಿಗೆ ಕೋಣೆಯಲ್ಲಿ ನೀರಿನ ಫಿಲ್ಟರಿನ ನಲ್ಲಿ ಸಡಿಲಾಗಿದೆ. ಕೆಳಗಿಟ್ಟ ಸ್ಟೀಲ್ ಲೋಟಕ್ಕೆ ಹನಿ ಬೀಳುವ ಸದ್ದು ಕೇಳಿ, ಗಡಿಯಾರ ನೋಡುತ್ತ ಎಣಿಸಿದೆ. ನಿಮಿಷಕ್ಕೆ ಹತ್ತು. ಓದುತ್ತಿದ್ದ ಪುಸ್ತಕ ಮುಚ್ಚಿ ಇದನ್ನು ಬರೆಯಲು ಕೂತೆ.

ಹನಿ ಎಣಿಸುವುದನ್ನು ನನಗೆ ಕಲಿಸಿದವರು ದೇವದುರ್ಗದ ಒಂದು ಸಣ್ಣ ದವಾಖಾನೆಯ ಕಾಂಪೌಂಡರ್. ಎಲ್ಲರಿಗೂ ಅವರು ಕಾಕಾ. ನಾನು ಪಿಯುಸಿಯಲ್ಲಿದ್ದಾಗ ಅವ್ವನಿಗೆ ಟೈಫಾಯಿಡ್ ಆಗಿ ಅಲ್ಲಿ ಸಲೈನ್ ಹಾಕಿದ್ದರು. "ಕಾಕಾ, ಯಾವಾಗ ಮುಗಿತದ?" ಎಂದು ಐದೈದು ನಿಮಿಷಕ್ಕೆ ಅವರ ಹತ್ತಿರ ಓಡುತ್ತಿದ್ದೆ.

"ಏನ್ ಬೇ, ಸೈನ್ಸ್ ಓದಾಕತ್ತೀನಿ ಅಂತಿ, ಇಷ್ಟು ಲೆಕ್ಕ ಬರಂಗಿಲ್ಲೇನು?" ಎಂದು ತಮ್ಮ ವಾಚು ಬಿಚ್ಚಿ ಕೊಟ್ಟರು. ಇಪ್ಪತ್ತು ಹನಿಗೆ ಒಂದು ಮಿಲಿ. ಅರ್ಧ ಲೀಟರ್ ಬಾಟಲಿಯಲ್ಲಿ ಹತ್ತು ಸಾವಿರ ಹನಿ. ನಿಮಿಷಕ್ಕೆ ನಲವತ್ತರಂತೆ ನಾಲ್ಕು ತಾಸು ಹತ್ತು ನಿಮಿಷ. ಆ ಬಾಟಲಿ ಮುಗಿದದ್ದು ನನ್ನ ಲೆಕ್ಕಕ್ಕಿಂತ ಆರು ನಿಮಿಷ ತಡವಾಗಿ. ಎಲ್ಲವನ್ನೂ ಎಣಿಸಿ ಡೈರಿಯಲ್ಲಿ ಬರೆಯುವ ಚಟ ಅಂದೇ ಹತ್ತಿದ್ದು...

ಹತ್ತಕ್ಕೆ ಇಳಿಸಿದರೆ? ಎಂದೂ ಕೇಳಿದ್ದೆ.

"ಸೂಜ್ಯಾಗ ರಕ್ತ ಕಟ್ಟಬಾರದು ಅಂತ ಅಷ್ಟ ಬಿಡ್ತಾರ. ನಮ್ಮಲ್ಲಿ ಹಂಗ ಬಿಟ್ಟರ, ಮನಿಮಂದಿನ್ನ ಕರಸ್ರಿ ಅಂತ ಅರ್ಥ."

ದವಾಖಾನೆ ಮುಚ್ಚಿದ ಮೇಲೆ ಅವರು ಮಾನ್ವಿಯ ಮಗಳ ಮನೆ ಸೇರಿದರು. ಹೋದ ವರ್ಷ ಲಿವರ್ ಕೆಟ್ಟು ರಾಯಚೂರಿನ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ನೋಡಲು ಹೋದೆ. ಮಗಳು ವರಾಂಡದಲ್ಲೇ ತಡೆದಳು. "ಡಾಕ್ಟರು ಕೈಬಿಟ್ಟಾರ. ಮೂರ್ನಾಕು ದಿನ ಅಂತ. ಅಪ್ಪಗ ಹೇಳಬ್ಯಾಡ."

ಹನ್ನೊಂದಕ್ಕೆ ನರ್ಸ್ ಅರ್ಧ ಲೀಟರಿನ ಹೊಸ ಬಾಟಲಿ ಹಾಕಿ ಹೋದಳು. ಕಾಕಾನ ಕನ್ನಡಕ ಮಾನ್ವಿಯಲ್ಲೇ ಉಳಿದಿತ್ತು; ಹನಿ ಕಾಣದೆ ನನ್ನನ್ನು ಕೇಳಿದರು: "ಲೆಕ್ಕದಾಕಿ ಬಂದಾಳ. ಎಣಿಸವ್ವಾ, ಎಷ್ಟು ಬೀಳಾಕತ್ತಾವ?"

ಎಣಿಸಿದೆ. ಹತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು.

"ನಲವತ್ತು, ಕಾಕಾ." ಡೈರಿಯಲ್ಲೂ ಹಾಗೇ ಬರೆದೆ.

ಅವರ ಮುಖ ಹಗುರಾಯಿತು. ಮಗಳ ಕಡೆ ತಿರುಗಿ, "ಕೇಳಿದೇನು? ಇನ್ನೂ ಔಷಧ ನಡದದ. ಮೂರು ದಿನ ವರಾಂಡದಾಗ ನಿದ್ದಿಗೆಟ್ಟಿ, ಮನಿಗೆ ಹೋಗು. ನಾಳಿಗೆ ಬರುವಾಗ ಚಸ್ಮಾ ತಗೊಂಡು ಬಾ," ಎಂದರು. ಅವಳು ಮಧ್ಯಾಹ್ನದ ಬಸ್ಸಿಗೆ ಹೋದಳು.

ನಡುನಡುವೆ ನನ್ನನ್ನು ವೇಳೆ ಕೇಳುತ್ತಿದ್ದವರು, ನಾಲ್ಕು ತಾಸು ಹತ್ತು ನಿಮಿಷ ತುಂಬಿದ 3.10ಕ್ಕೆ ಸರಿಯಾಗಿ ಕೇಳಿದರು: "ಬಾಟ್ಲಿ ಮುಗೀತೇನು?"

ಮುಕ್ಕಾಲು ಹಾಗೇ ಇತ್ತು. "ಇನ್ನೂ ಅದ," ಎಂದೆ.

"ಹತ್ತೇನು?"

"ಹೂಂ, ಕಾಕಾ."

"ಆವಾಗ್ಲೇ ಹೇಳಿದ್ದರ ಆಕಿನ್ನ ಕಳಸ್ತಿದ್ದಿಲ್ಲವ್ವಾ... ತಿದ್ದಿ ಬರಕೋ."

ಅವಳಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೂರು ದಿನದ ನಿದ್ದೆ. ಸಂಜೆ ಏಳಕ್ಕೆ ಗಂಡಸರ ವಾರ್ಡಿನಿಂದ ಹೆಂಗಸರನ್ನು ಹೊರಗೆ ಕಳಿಸಿದರು. ಪಕ್ಕದ ಮಂಚದ ರೋಗಿಯ ಅಣ್ಣ, ಕವಿತಾಳದವರು, "ನಾ ಅದೀನಿ, ನೀವು ಹೋಗ್ರಿ," ಎಂದರು. ನಾನು ಹೋದೆ.

ಮಗಳು ಕನ್ನಡಕ ಹಿಡಿದು ಬಂದದ್ದು ಮರುದಿನ ಬೆಳಿಗ್ಗೆ 7.35ಕ್ಕೆ. ಕಾಕಾ ಹೋಗಿ ಎರಡು ತಾಸಾಗಿತ್ತು.

ಡೈರಿಯ ಆ ಪುಟದಲ್ಲಿ ನಲವತ್ತಕ್ಕೆ ಗೆರೆ ಎಳೆದು ಹತ್ತು ಎಂದು ಬರೆದಿದ್ದೇನೆ. "ಅಪ್ಪ ನನಗೇನರ ಹೇಳಿದ್ನೇನು?" ಎಂದು ಮಗಳು ಈಗಲೂ ಕೇಳುತ್ತಾಳೆ. ನನಗೆ ಹೇಳಿದ್ದನ್ನು ಅವಳಿಗೆ ಹೇಳುವ ಧೈರ್ಯ ಬಂದಿಲ್ಲ. ಇಲ್ಲಿ ಬರೆದಿದ್ದೇನೆ, ಓದಲಿ.

ಲೋಟದ ತಳ ಮುಚ್ಚುವಷ್ಟು ನೀರಾಗಿದೆ. ಕವಿತಾಳದ ಅಣ್ಣನವರೇ, ಅಂದು ನಿಮ್ಮ ಹೆಸರು, ನಂಬರ್ ಕೇಳಿಕೊಳ್ಳಲಿಲ್ಲ; ಇದು ನಿಮ್ಮ ಕೈ ಸೇರಿದರೆ ದಯವಿಟ್ಟು ಬರೆಯಿರಿ. ಏಳು ಗಂಟೆಯ ಮೇಲೆ ಅವರು ಮಗಳಿಗಾಗಿ ಏನಾದರೂ ಹೇಳಿದರೇ? ಒಂದೇ ಮಾತಾದರೂ ಸಾಕು. ಹೇಳಲಿಲ್ಲವೆಂದರೆ ಅದನ್ನೂ ಬರೆಯಿರಿ.