ಚಹಾಕ್ಕೆ ಬರುತ್ತಿದ್ದ ಪೊಲೀಸ

ನಮ್ಮ ಅವ್ವನನ್ನು ಪೊಲೀಸರು ಒಂದು ದಿನವೂ ಹೊಡೆಯಲಿಲ್ಲ, ಬೈಯಲಿಲ್ಲ, ಠಾಣೆಗೆ ಕರೆಯಲಿಲ್ಲ. ಸಂಜೆಯಾದರೆ ಒಬ್ಬ ಪೊಲೀಸ ಬಂದು, ನಮ್ಮ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು ಹೋಗುತ್ತಿದ್ದ. ಅಷ್ಟರಿಂದಲೇ ಅವ್ವ ಒಂಟಿಯಾದಳು. ಇದನ್ನು ಹೇಳಿದರೆ ಈಗಲೂ ಕೆಲವರು ನಗುತ್ತಾರೆ. ನನಗೆ ಮೈ ಉರಿಯುತ್ತದೆ.

ನಿಪ್ಪಾಣಿಗೆ ಹತ್ತಿಕೊಂಡಿರುವ ನಮ್ಮೂರಲ್ಲಿ ಎಂಬತ್ತರ ದಶಕದಲ್ಲಿ ಬೀಡಿ ಕಟ್ಟದ ಮನೆಯನ್ನು ಹುಡುಕಬೇಕಿತ್ತು. ಅಪ್ಪ ಬೋರಗಾಂವದ ಮಗ್ಗದಲ್ಲಿ ದುಡಿಯುತ್ತ ವಾರಕ್ಕೊಮ್ಮೆ ಬರುವವ. ಮನೆ ಅವ್ವನದೇ. ಊಟ ಮುಗಿಸಿ ಓಣಿಯ ಹೆಂಗಸರೆಲ್ಲ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಬೇವಿನ ನೆರಳಿತ್ತು, ಅದಕ್ಕಿಂತ ಹೆಚ್ಚಾಗಿ ಅವ್ವನ ಬಾಯಿತ್ತು. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ತಂಬಾಕು, ದಾರ. ಕೈ ತನ್ನ ಪಾಡಿಗೆ ಬೀಡಿ ಸುತ್ತುತ್ತಿದ್ದರೆ ಬಾಯಿ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಊರ ಅತ್ತೆಯರನ್ನೆಲ್ಲ ಹರಾಜು ಹಾಕುತ್ತಿತ್ತು. ಹೋಗುವಾಗ ಮೊರಗಳನ್ನು ನಮ್ಮ ಪಡಸಾಲೆಯ ಗೂಟಗಳಿಗೇ ತೂಗುಹಾಕಿ ಹೋಗುತ್ತಿದ್ದರು. ನಾಳೆ ಹೇಗೂ ಬರುವುದಿತ್ತಲ್ಲ.

ಬೀಡಿ ಕಾರಖಾನೆಯ ಗುಮಾಸ್ತ ಒಳ್ಳೆಯ ಬೀಡಿಯನ್ನೂ ಕೆಟ್ಟದ್ದೆಂದು ಪಕ್ಕಕ್ಕೆ ತೆಗೆದಿಡುತ್ತಿದ್ದ. ಅದಕ್ಕೆ ಕೂಲಿ ಇಲ್ಲ, ಬೀಡಿ ಮಾತ್ರ ಮಾಲಕರದೇ. ಒಂದು ಮಧ್ಯಾಹ್ನ ಅವ್ವ ಮೊರ ಕೆಳಗಿಟ್ಟು, "ಕೆಟ್ಟಿದ್ರ ನಮ್ಮ ಮುಂದ ಮುರದು ಒಗೀರಿ ಅನ್ನೂಣು. ಒಗೀಲಿಲ್ಲಂದ್ರ ಎಲ್ಲಾರೂ ಕೈ ಕಟ್ಟಿ ಕುಂದ್ರೂಣು" ಎಂದಳು. ಹೆಂಗಸರು ಹೂಂಗುಟ್ಟಿದರು. ಮರುದಿನದಿಂದ ಕಾರಖಾನೆಯ ಬಾಗಿಲಲ್ಲಿ ಕೂತೇಬಿಟ್ಟರು.

ಕೆಲವು ದಿನಕ್ಕೆ ಪೊಲೀಸ್ ಜೀಪು ಬಂತು. ಲಾಠಿ ಬೀಳುತ್ತದೆ ಎಂದುಕೊಂಡು ಎಲ್ಲರೂ ಸೆರಗು ಬಿಗಿದು ಒಬ್ಬರ ಕೈ ಒಬ್ಬರು ಹಿಡಿದರು. ಹೊಡೆದಿದ್ದರೆ ಆ ಕೈಗಳು ಬಿಡುತ್ತಿರಲಿಲ್ಲ, ಇದು ನನ್ನ ಗಟ್ಟಿ ನಂಬಿಕೆ. ಇಳಿದು ಬಂದ ಸಾಹೇಬರು ಮೆತ್ತಗೆ ಕೇಳಿದ್ದು ಇಷ್ಟೇ: "ದಿನಾ ಯಾರ ಮನ್ಯಾಗ ಕೂಡ್ತೀರಿ?"

"ನಮ್ಮ ಮನ್ಯಾಗ್ರಿ" ಎಂದಳು ಅವ್ವ. ಹೆಮ್ಮೆಯಿಂದಲೇ ಹೇಳಿದಳು.

ಮರುಸಂಜೆ ಆ ಪೊಲೀಸ ಬಂದ. ನಡುವಯಸ್ಸಿನವ, ಅಥಣಿ ಕಡೆಯವ, ಮಾತು ಬಲು ಮೃದು. "ಅಕ್ಕಾರ, ಆರಾಮ ಅದೀರಿಲ್ರಿ?" ಎಂದು ಟೋಪಿ ತೆಗೆದು ಕಟ್ಟೆಯ ಮೇಲೆ ಕೂತ. ಅಂಗಳದಲ್ಲಿದ್ದವರೆಲ್ಲ ಬಾಯಿ ಮುಚ್ಚಿದರು. ಅವ್ವ ಒಳಗೆ ಬಂದು ಸ್ಟೋವಿಗೆ ಪಂಪು ಹೊಡೆಯುತ್ತ ಅವನ ವಂಶವನ್ನೆಲ್ಲ ಬೈದಳು. ಆದರೂ ಚಹಾ ಮಾಡಿದಳು. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಯಾರಿಗೆ ಗೊತ್ತಿದೆ? ಅದನ್ನು ಬಲ್ಲವರೇ ಅವನನ್ನು ಕಳಿಸಿದ್ದು.

ಅವನು ಮುಷ್ಕರದ ಮಾತೇ ಎತ್ತುತ್ತಿರಲಿಲ್ಲ. ಅವ್ವನ ಮಂಡಿನೋವು ಕೇಳುತ್ತಿದ್ದ, ನನ್ನ ಶಾಲೆ ಕೇಳುತ್ತಿದ್ದ, ಮಳೆ ಬಂತೇ ಎನ್ನುತ್ತಿದ್ದ. ದಿನಾ ಬಂದ. ಓಣಿಯಲ್ಲಿ ಹೋಗುವವರೆಲ್ಲ ನೋಡಿದರು: ಬೀಡಿಯವಳ ಕಟ್ಟೆ, ಪೊಲೀಸನ ಕೈಯಲ್ಲಿ ಚಹಾದ ಕಪ್ಪುಬಶಿ. ಅಷ್ಟರಲ್ಲಿ ಇಬ್ಬರು ಹೆಂಗಸರ ಗಂಡಂದಿರನ್ನು ಠಾಣೆಗೆ ಕರೆಸಿ, ಏನೂ ಕೇಳದೆ ದಿನವಿಡೀ ಕೂರಿಸಿ ಕಳಿಸಿದರು. ಇವರ ಹೆಸರು ಹೇಳಿದವರಾರು ಎಂಬ ಪ್ರಶ್ನೆ ಹುಟ್ಟಿತು. ಉತ್ತರ ಸಂಜೆಸಂಜೆ ಎಲ್ಲರ ಕಣ್ಣೆದುರು ಚಹಾ ಹೀರುತ್ತಿತ್ತು.

ಒಬ್ಬೊಬ್ಬರೇ ಬಂದು ತಮ್ಮ ಮೊರ ತೆಗೆದುಕೊಂಡು ಹೋದರು. ಯಾರೂ ಜಗಳ ಆಡಲಿಲ್ಲ. ಮನೆಯಲ್ಲಿ ನೆಂಟರು ಬಂದಿದ್ದಾರೆ, ಸೊಸೆಗೆ ಕಲಿಸಬೇಕು, ಹೀಗೆ ಏನೋ ಒಂದು ನೆಪ. ಕಡೆಗೆ ಉಳಿದದ್ದು ಪಕ್ಕದ ಮನೆಯ ಕಾಕುವಿನ ಮೊರ. ಕಾಕು ಅವ್ವನ ಜೀವದ ಗೆಳತಿ, ನಾನು ಹುಟ್ಟಿದಾಗ ಅವ್ವನ ಬಾಣಂತನದ ಎಣ್ಣೆನೀರು ಎರೆದವಳು. ಅವಳೂ ಒಂದು ಬೆಳಿಗ್ಗೆ ಬಂದು, ಕಣ್ಣು ಎತ್ತದೆ, "ನನಗ ನಿನ್ನ ಮ್ಯಾಲ ಸಂಶೇ ಇಲ್ಲವಾ. ನನ್ನ ಮಗ ಬ್ಯಾಡ ಅಂತಾನ" ಎಂದಳು. ಅವ್ವ ತಾನೇ ಎದ್ದು ಗೂಟದಿಂದ ಮೊರ ಇಳಿಸಿ, ಧೂಳು ಒರೆಸಿ ಕೈಗೆ ಕೊಟ್ಟಳು. ನಾನು ಜಗಳಕ್ಕೆ ಹೋದರೆ ರಟ್ಟೆ ಹಿಡಿದು ತಡೆದಳು.

ಮುಷ್ಕರ ಮುರಿದುಬಿತ್ತು. ಹೆಂಗಸರು ತಂತಮ್ಮ ಮನೆಯ ಬಾಗಿಲು ಮುಚ್ಚಿಕೊಂಡು ಬೀಡಿ ಕಟ್ಟತೊಡಗಿದರು. ಗುಮಾಸ್ತ ಮೊದಲಿನಂತೆಯೇ ಬೀಡಿ ತೆಗೆದಿಡುತ್ತಿದ್ದ. ಎದುರಾಡಲು ಒಬ್ಬರಿಗೊಬ್ಬರ ಮೇಲೆ ನಂಬಿಕೆಯೇ ಉಳಿದಿರಲಿಲ್ಲ. ಅವ್ವ ಖಾಲಿ ಅಂಗಳ ಬಿಟ್ಟು ಒಳಗೆ ಗೋಡೆಗೆ ಮುಖ ಮಾಡಿ ಕೂತಳು. ಆ ಬಾಯಿ, ಇಡೀ ಓಣಿಯನ್ನು ನಗಿಸುತ್ತಿದ್ದ ಬಾಯಿ, ಎಲೆ ಕತ್ತರಿಸುವ ಸದ್ದಿನಡಿ ಮುಚ್ಚಿಹೋಯಿತು. ಪೊಲೀಸ ಮಾತ್ರ ಬರುವುದನ್ನು ಬಿಡಲಿಲ್ಲ.

ಎರಡು ದೀಪಾವಳಿ ಕಳೆದ ಮೇಲೆ ಅವನಿಗೆ ರಾಯಬಾಗಕ್ಕೆ ವರ್ಗವಾಯಿತು. ಹೇಳಿ ಹೋಗಲು ಪೇಢೆ ತಂದಿದ್ದ. ಹೊಸ್ತಿಲಲ್ಲಿ ನಿಂತು, "ತ್ರಾಸ ಕೊಟ್ಟಿದ್ರ ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಏನೂ ಕೇಳು ಅಂತ ನನಗ ಹೇಳಿರಲಿಲ್ರಿ. ಎಲ್ಲಾರಿಗೂ ಕಾಣೂ ಹಂಗ ದಿನಾ ಕುಂತ ಬಾ ಅಂದಿದ್ರು, ಅಷ್ಟ" ಎಂದ. ಮುಗ್ಧವಾಗಿಯೇ ಹೇಳಿದ, ಪಾಪ. ನನಗೆ ಅವನ ಪೇಢೆಯನ್ನು ಅವನ ಮುಖಕ್ಕೇ ಎಸೆಯಬೇಕೆನಿಸಿತು. ಅವ್ವ, "ಇರ್ಲಿ ಬಿಡೋ ತಮ್ಮಾ. ಚಹಾ ಕುಡದ ಹೋಗು" ಎಂದಳು.

ಮರುದಿನ ಸಂಜೆ ಒಳಗಿನಿಂದ ಸ್ಟೋವಿನ ಸದ್ದು ಕೇಳಿತು. ಬಂದು ನೋಡಿದರೆ ಅವ್ವ ಅವನ ಕಪ್ಪುಬಶಿಗೂ ಚಹಾ ಸೋಸಿ, ಕಟ್ಟೆಯ ಮೇಲೆ ತಂದಿಟ್ಟಿದ್ದಳು.

"ಅವ ಹೋದ್ನಲ್ಲ ಯವ್ವಾ. ಯಾರಿಗಿದು?" ಎಂದು ಸಿಡುಕಿದೆ.

"ಗೊತ್ತೈತಿ" ಎಂದಳು. "ಆದ್ರ ನಮ್ಮ ಮನೀಗೆ ಬರಾಂವ ಅವ ಒಬ್ಬನ ಇದ್ನವಾ."

ಚಹಾ ಆರಿ ಕೆನೆ ಕಟ್ಟಿತು. ಅವ್ವ ಓಣಿಯ ಕಡೆ ನೋಡುತ್ತ ಕೂತೇ ಇದ್ದಳು.