ಅವಳು ಲಿಂಗದ ಕರಡಿಗೆ ಕೊಟ್ಟ ಬೆಳಿಗ್ಗೆ

ಛಲ್ ಛಲ್ ಎಂದು ಎರಡು ಸಲ. ದೊಡ್ಡಪ್ಪನ ಬಾರಕೋಲಿನ ಹಿಡಿಗೆ ಕಟ್ಟಿದ್ದ ಹಿತ್ತಾಳೆ ಗೆಜ್ಜೆಗಳ ಸದ್ದು. ನಿಲಂಗಾದ ನಮ್ಮ ಮನೆಯ ದೇವಣಿ ಎತ್ತುಗಳ ಮೈಮೇಲೆ ಆ ಬಾರಕೋಲು ಬಿದ್ದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಅವಕ್ಕೆ ಸದ್ದೊಂದೇ ಸಾಕಿತ್ತು. ಬೀಳುತ್ತಿದ್ದುದು ನನ್ನ ಮತ್ತು ಅಣ್ಣನ ಬೆನ್ನಿನ ಮೇಲೆ. ಎತ್ತಿಗೆ ಬಾಸುಂಡೆ ಎದ್ದರೆ ನಾಲ್ಕು ಜನ ಕೇಳುತ್ತಾರೆ. ಮಕ್ಕಳ ಬೆನ್ನನ್ನು ಯಾರು ನೋಡಬೇಕು?

ನೋಡಿದವರು ಗುಲಬರ್ಗಾದ ಕಾನ್ವೆಂಟ್ ಹಾಸ್ಟೆಲಿನ ಒಬ್ಬ ಸಿಸ್ಟರ್. ಮುಲಾಮು ಹಚ್ಚುತ್ತ, "ಹೂ ಡಿಡ್ ದಿಸ್, ಚೈಲ್ಡ್?" ಎಂದರು. ಉತ್ತರ ಕೊಡುವಷ್ಟು ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಆದರೆ 'ನೀನು ಏನು ತಪ್ಪು ಮಾಡಿದ್ದೆ' ಎಂದು ಕೇಳದ ಮೊದಲ ದೊಡ್ಡವರು ಅವರು, ಅಷ್ಟು ತಿಳಿಯಿತು.

ಆದರೂ ಹತ್ತೊಂಬತ್ತನೇ ವಯಸ್ಸಿನಲ್ಲಿ, ರಜೆಗೆ ಮನೆಗೆ ಬಂದಿದ್ದಾಗ, ನಾನು ಕೊರಳಿನ ಲಿಂಗದ ಕರಡಿಗೆ ತೆಗೆದು ದೇವರ ಜಗಲಿಯ ಮೇಲಿಟ್ಟು, ತಿರುಗಿ ಬರಬಾರದೆಂದೇ ಹೊರಬಿದ್ದೆ. ನಮ್ಮವರಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗವನ್ನು ಸ್ನಾನದಲ್ಲೂ ಮೈಯಿಂದ ದೂರ ಮಾಡುವುದಿಲ್ಲ. ದಾರ ಬದಲಿಸುವಾಗಲೂ ಅಂಗೈಯಲ್ಲೇ ಹಿಡಿದಿರುತ್ತೇವೆ. ಅದು ನನ್ನ ಜೊತೆ ಹಾಳಾಗಬಾರದು ಎಂಬುದಷ್ಟೇ ಆ ಹೊತ್ತಿನ ನನ್ನ ಯೋಚನೆ. ಅವ್ವ ಜಗಲಿ ನೋಡಿದಳು. ಬರಿಗಾಲಿನಲ್ಲಿ ಹೊಲದ ದಾರಿಗೆ ಓಡಿಬಂದು ನನ್ನ ಜಡೆ ಹಿಡಿದಳು. ಮನೆಯಲ್ಲಿ ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ.

ಉಮರ್ಗಾದಲ್ಲಿ ಟೀಚರ್ ಆಗಿ ರಿಟೈರ್ ಆದೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಣ್ಣನ ಮೊಮ್ಮಗಳು ಮೊದಲನೇ ಬಸ್ಸಿಗೆ ನಿಲಂಗಾದಿಂದ ಬಂದಿಳಿದಳು. ಇಪ್ಪತ್ಮೂರು ವರ್ಷದ ಹುಡುಗಿ. ಚಹಾ ಬೇಡವೆಂದಳು. ನನ್ನ ಕೈಯಲ್ಲಿ ಬೆಳ್ಳಿಯ ಕರಡಿಗೆ ಇಟ್ಟಳು.

"ಆಯಿ, ದಾರ ಹರೀಲಿಕತ್ತದ. ಹೊಸಾದು ಹಾಕ್ಸು. ನಿನ್ನ ಹಂತ್ಯಾಕ ಇರ್ಲಿ."

ದಾರ ನೋಡಿದೆ. ಹೊಚ್ಚ ಹೊಸದು, ಗಂಟು ಕೂಡ ಮಾಸಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ 'ಇಟ್ಟು ಹೋಗು' ಎನ್ನುತ್ತಿದ್ದರೇನೋ. ಎದ್ದು ಬಾಗಿಲಿಗೆ ಅಗಳಿ ಹಾಕಿದೆ.

"ಸಾಯೋ ವಿಚಾರ ಮಾಡೀಯೇನು?"

ಅವಳು ನಕ್ಕಳು. "ಇಷ್ಟು ಸೀದಾ ಕೇಳೋದು ನಿನ್ನ ಕಾನ್ವೆಂಟ್‌ನ್ಯಾಗ ಕಲಿಸ್ಯಾರೇನು, ಆಯಿ?"

"ಹೌದು. ಆನ್ಸರ್ ಇನ್ ಒನ್ ವರ್ಡ್."

"ಹೂಂ," ಅಂದಳು. ಆಮೇಲೆ ನನ್ನ ಮಡಿಲಲ್ಲಿ ಬಿದ್ದು ಅತ್ತಳು. ಅಣ್ಣನ ಮಗ, ಅಂದರೆ ಅವಳ ಅಪ್ಪ, ಅವಳು ಆರು ವರ್ಷದವಳಿದ್ದಾಗಿನಿಂದ ಬೆಲ್ಟಿನಿಂದ ಹೊಡೆಯುತ್ತಿದ್ದ. ದನದ ಮೇವಿನ ಕಣಕಿ ಒಟ್ಟಿದ ಕೋಣೆಯಲ್ಲಿ ದಿನಗಟ್ಟಲೆ ಕೂಡಿಹಾಕುತ್ತಿದ್ದ. ಈಗ ಹೊಡೆಯುವುದು ನಿಂತು ಐದು ವರ್ಷವಾಗಿತ್ತು. "ಹೊಡ್ಯೋದು ನಿಂತದ, ಆಯಿ. ಆದ್ರ ನಾ ಆ ಮನ್ಯಾಗ ಹೆಚ್ಚಿಗಿ ಆಗೀನಿ ಅನ್ನೋದು ನಿಂತಿಲ್ಲ," ಅಂದಳು. ನನ್ನ ಜೀವಮಾನದಲ್ಲಿ ನನಗೆ ಹೇಳಲು ಬಾರದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು.

ಲಿಂಗ ಅವಳ ಕೊರಳಿಗೆ ನಾನೇ ಕಟ್ಟಿದೆ, ಮುಂದಿನ ಬಸ್ಸಿಗೆ ಉದಗೀರಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ. ಶೇಂಗಾ ತಿನ್ನುವಾಗಲೂ ಒಂದೇ ಕೈಯಲ್ಲಿ ಸುಲಿದೆ. ಅಲ್ಲಿನ ಮನೋವೈದ್ಯೆ ಚಿಕ್ಕ ವಯಸ್ಸಿನವಳು, ಗಡಿಬಿಡಿ ಮಾಡದೆ ಎಲ್ಲ ಕೇಳಿಸಿಕೊಂಡಳು. "ಬಾಲ್ಯದಾಗ ಪೆಟ್ಟು ತಿಂದವರಿಗಿ ದೊಡ್ಡವರಾದ ಮ್ಯಾಲ ಇಂಥ ವಿಚಾರ ಬರೋ ಸಂಭವ ಹೆಚ್ಚದ್ರೀ. ಆದ್ರ ಬಂದೇ ಬರ್ತದ ಅಂತಿಲ್ಲ, ಬಂದ್ರೂ ದಾಟಬಹುದು. ಅವ್ರ ಮಾತು ನಂಬೋರು ಒಬ್ಬರು ಸಿಕ್ರ ಭಾಳ ಫರಕ್ ಬೀಳ್ತದ," ಎಂದಳು. ಔಷಧಿ ಬರೆದಳು, ವಾರಕ್ಕೊಮ್ಮೆ ಮಾತಿಗೆ ಬರಹೇಳಿದಳು. ಎಪ್ಪತ್ತೈದು ದಾಟಿದ ಮೇಲೆ ನನಗೆ ಸಿಸ್ಟರ್ ನೆನಪಾಗಿ ಕಣ್ಣು ತುಂಬಿದ್ದು ಆ ಕುರ್ಚಿಯಲ್ಲಿ. ಹೌ ಸಿಲ್ಲಿ.

ಮೂರನೇ ದಿನ ಅವಳ ಅಪ್ಪ ಉಮರ್ಗಾಕ್ಕೆ ಬಂದ.

"ಅತ್ತಿ, ನಾ ಹೊಡದದ್ದು ಆಕಿ ಛಲೋ ಆಗ್ಲಿ ಅಂತ. ನಾ ನಮ್ಮಪ್ಪನ ಕೈಲಿ ತಿಂದಿಲ್ಲೇನು? ನೀ ತಿಂದಿಲ್ಲೇನು? ಏನಾಗ್ಯಾದ ನಮಗ?"

"ನನಗ ಏನಾಗಿತ್ತು ಅಂತ ನಿನಗ ಯಾರೂ ಹೇಳಿಲ್ಲಪ್ಪಾ. ಕೂಡು, ಹೇಳ್ತೀನಿ."

ಐವತ್ತೇಳು ವರ್ಷದ ಮೇಲೆ ಜಗಲಿಯ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವತ್ತು. ಅವನು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೇಳಿದ. ಕ್ಷಮೆ ಕೇಳಲಿಲ್ಲ. ಹುಡುಗಿ ನನ್ನ ಹತ್ತಿರವೇ ಇರಲಿ ಎಂದದ್ದಕ್ಕೆ ಎದುರಾಡದೆ ಎದ್ದುಹೋದ.

ಮುಂದೆ ಒಂದೇ ಸಮ ಏರುದಾರಿಯಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಹೋದ ಚಳಿಗಾಲದಲ್ಲಿ ಎರಡು ವಾರ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಮತ್ತೆ ಅದೇ ಸೀದಾ ಪ್ರಶ್ನೆ ಕೇಳಿದೆ, ಮತ್ತೆ ಇಬ್ಬರೂ ಬಸ್ ಹತ್ತಿದೆವು. ಹಾಗೆ ಹತ್ತಿ ಹತ್ತಿ ಅವಳಿಗೆ ಬಸ್ಸಿನ ಮೇಲೇ ಮನಸ್ಸಾಯಿತು ನೋಡಿ. ಗುಟ್ಟಾಗಿ ಅರ್ಜಿ ಹಾಕಿದಳು, ಪರೀಕ್ಷೆ ಬರೆದಳು, ಟ್ರೇನಿಂಗ್ ಮುಗಿಸಿದಳು. ಕಂಡಕ್ಟರ್. ನಮ್ಮದೇ ಕೆಂಪು ಬಸ್ಸು, ಉಮರ್ಗಾದಿಂದ ನಿಲಂಗಾ ಮೇಲೆ ಉದಗೀರು. ರೂಮು ಉದಗೀರಿನಲ್ಲಿ, ಇನ್ನಿಬ್ಬರು ಹುಡುಗಿಯರ ಜೊತೆ.

ಕಳೆದ ಸೋಮವಾರ ಅವಳ ಡ್ಯೂಟಿ ನೋಡಲೆಂದೇ ನಾನು ಇಸ್ತ್ರಿ ಸೀರೆ ಉಟ್ಟು ಒಂದು ತಾಸು ಮೊದಲೇ ಸ್ಟ್ಯಾಂಡಿನಲ್ಲಿದ್ದೆ. ಬಸ್ಸು ಬಂತು, ಜನ ನುಗ್ಗಿತು, ಖಾಕಿ ತೊಟ್ಟ ನನ್ನ ಹುಡುಗಿ ಟಿಕೆಟ್ ಮಶೀನು ಹಿಡಿದು ನನ್ನೆದುರು ನಿಂತಳು.

"ಆಯಿ, ಕಾರ್ಡ್ ತೋರ್ಸು. ಎಪ್ಪತ್ತೈದರ ಮ್ಯಾಲಿನವ್ರಿಗಷ್ಟೇ ಫುಕಟ್."

"ನನ್ನ ವಯಸ್ಸು ನಿನಗ ಗೊತ್ತಿಲ್ಲೇನು?"

"ನನಗ ಗೊತ್ತದ. ಕಾಯ್ದೆ ಕಾಯ್ದೆನೇ. ತೆಗಿ, ಹಿಂದ ಜನ ನಿಂತಾರ."

ಪಕ್ಕದ ಅಜ್ಜ ಮರಾಠಿಯಲ್ಲಿ, "ಲೈ ಕಡಕ್ ಆಹೇ ಪೋರಿ," ಎಂದು ನನ್ನತ್ತ ನೋಡಿ ನಕ್ಕ. ಕಡಕ್ ಹುಡುಗಿ ನನ್ನ ಮೊಮ್ಮಗಳು ಎಂದು ಅವನಿಗೆ ನಿಲಂಗಾ ಬರುವವರೆಗೆ ನಾಲ್ಕು ಸಲ ಹೇಳಿದೆ.

ನಿಲಂಗಾದಲ್ಲಿ ಇಳಿದು ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತೆ. ಅವಳು ಮೇವಿನ ಗಂಟು ಹೊತ್ತವನೊಬ್ಬನಿಗೆ ಜೋರು ಮಾಡುತ್ತಿದ್ದಳು. ಎರಡು ಸಲ ಗಂಟೆ ಎಳೆದಳು. ಬಸ್ಸು ಉದಗೀರಿನ ಕಡೆ ಹೊರಳುವಾಗ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ ಹಿಂದಿನ ಗಾಲಿ ನೋಡಿದಳು. ನನ್ನ ಕಡೆ ನೋಡಲಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ.